ಅಪ್ಪ ಅರ್ಧಕ್ಕೆ ಎದ್ದು ಹೋಗದಂಥ ಸಿನಿಮಾ ಯಾವುದಿದೆ?

ಅರಸೀಕೆರೆ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ. ಪೂರ್ತಿ ಓದಿ ಉತ್ತರ ಹೇಳಿ.

ನಮ್ಮಪ್ಪನಿಗೆ ಈಗ 78. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ರಿಟೈರ್ ಆಗಿ ಇಪ್ಪತ್ತು ವರ್ಷ ಆಯಿತು. ಅಮ್ಮ ಹೋಗಿ ನಾಲ್ಕು ವರ್ಷ. ಅರಸೀಕೆರೆಯ ಮನೆಯಲ್ಲಿ ಒಬ್ಬರೇ ಇರುತ್ತಾರೆ. ನಾನು ಬೆಂಗಳೂರಿನಿಂದ ಹದಿನೈದು ದಿನಕ್ಕೊಮ್ಮೆ ಶನಿವಾರದ ಟ್ರೈನಿಗೆ ಹೋಗುತ್ತೇನೆ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಇಬ್ಬರೂ ಕೂತು ಒಂದು ಸಿನಿಮಾ ನೋಡುವುದು ರೂಢಿ.

ಹೋದ ಸಲ ಟಿವಿಯಲ್ಲಿ ಒಂದು ಸಿನಿಮಾ ಬರುತ್ತಿತ್ತು. ವಯಸ್ಸಾದ ಗಂಡ ಹೆಂಡತಿ, ಅವರನ್ನು ಹಂಚಿಕೊಂಡ ಮಕ್ಕಳು, ಫೋನಿನಲ್ಲಿ ಅಳು. ನನಗೆ ಕಣ್ಣು ತುಂಬಿ ಬಂತು. ಪಕ್ಕಕ್ಕೆ ನೋಡಿದರೆ ಅಪ್ಪ ಇಲ್ಲ. ಎದ್ದು ಹೋಗಿ ಜಗುಲಿಯಲ್ಲಿ ಒಣಗಿದ ಪಂಚೆ ಮಡಿಸುತ್ತಾ ಕೂತಿದ್ದರು. ಯಾಕಪ್ಪಾ ಅಂತ ಕೇಳಿದೆ. "ಈ ಸಿನಿಮಾದೋರಿಗೆ ನಾವು ಅಳೋದಕ್ಕೆ ಮಾತ್ರ ಬೇಕು ಕಣಮ್ಮ. ಆ ಯಜಮಾನ ಬೆಳಿಗ್ಗೆ ಎದ್ದು ಏನು ಮಾಡ್ತಾನೆ ಅಂತ ಯಾರಾದರೂ ತೋರಿಸಿದ್ರಾ?" ಅಂದರು.

ಆ ಮಾತು ತಲೆಯಿಂದ ಹೋಗುತ್ತಿಲ್ಲ. ನಮ್ಮಪ್ಪ ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ ಅಂತ ನನಗೆ ಗೊತ್ತು. ಐದಕ್ಕೆ ಏಳುತ್ತಾರೆ. ಸ್ಟೀಲ್ ಡಬ್ಬಿಯಿಂದ ಬಿಪಿ ಮಾತ್ರೆ ತೆಗೆದು ಉಳಿದದ್ದನ್ನು ಎಣಿಸುತ್ತಾರೆ. ರೈಲ್ವೆ ಸ್ಟೇಷನ್ ತನಕ ನಡೆದು ಹೋಗುತ್ತಾರೆ. ಅಲ್ಲಿ ಒಂದು ಕಲ್ಲುಬೆಂಚಿದೆ. ಮುಂಚೆ ನಾಲ್ಕು ಜನ ಕೂರುತ್ತಿದ್ದರು, ಈಗ ಮೂರು. ನಾಲ್ಕನೆಯವರ ಜಾಗದಲ್ಲಿ ಪೇಪರ್ ಇಡುತ್ತಾರೆ. ಯಾವ ಟ್ರೈನು ಎಷ್ಟು ಲೇಟು ಅಂತ ಮೂವರೂ ಮಾತಾಡುತ್ತಾರೆ, ಯಾರೂ ಎಲ್ಲಿಗೂ ಹೋಗುವುದಿಲ್ಲ. ವಾಪಸ್ ಬರುವಾಗ ಮೂರು ತೆಂಗಿನಕಾಯಿ ಅಂಗಡಿಯಲ್ಲಿ ರೇಟು ಕೇಳಿಕೊಂಡು ಬರುತ್ತಾರೆ. ನಮ್ಮ ಹಿತ್ತಿಲಲ್ಲೇ ಎರಡು ಮರ ಇದೆ! ಇನ್ನೂ ಒಂದು ಅಭ್ಯಾಸ. ಮದುವೆ ಮನೆ, ದೇವಸ್ಥಾನ, ಎಲ್ಲಿಗೆ ಕಾಲಿಟ್ಟರೂ ಮೊದಲು ತಲೆ ಎಣಿಸುತ್ತಾರೆ. "ನೂರ ಹನ್ನೆರಡು" ಅಂತ ನನ್ನ ಕಿವಿಯಲ್ಲಿ ಹೇಳುತ್ತಾರೆ. ಮೂವತ್ತೈದು ವರ್ಷದ ಕೆಲಸ, ಬಿಟ್ಟು ಹೋಗಿಲ್ಲ.

ಇಂಥ ಮನುಷ್ಯ ಸಿನಿಮಾದಲ್ಲಿ ಎಲ್ಲಿದ್ದಾರೆ? ನಾನು ಯೋಚನೆ ಮಾಡಿದಷ್ಟೂ ಒಂದೇ ಕಾಣುತ್ತದೆ. ನಮ್ಮ ಸಿನಿಮಾದಲ್ಲಿ ವಯಸ್ಸಾದವರು ಬರುವುದು ಮಕ್ಕಳಿಗೋಸ್ಕರ. ಮಗ ಒಳ್ಳೆಯವನೋ ಕೆಟ್ಟವನೋ ಅಂತ ನಮಗೆ ಗೊತ್ತಾಗಲು ಒಬ್ಬ ಅಪ್ಪ ಬೇಕು. ಸೊಸೆ ಅನ್ನ ಹಾಕಿದಳೋ ಇಲ್ಲವೋ ಅನ್ನಲು ಒಬ್ಬ ಅತ್ತೆ ಬೇಕು. ಹೀರೋ ಸೇಡು ತೀರಿಸಿಕೊಳ್ಳಲು ಒಬ್ಬ ಅಜ್ಜ ಸಾಯಬೇಕು. ಅವರದೇ ಅಂತ ಒಂದು ಬೆಳಿಗ್ಗೆ, ಒಂದು ಹಟ, ಒಂದು ಖರ್ಚು, ಒಂದು ಗುಟ್ಟು ಇರುವುದಿಲ್ಲ.

1958ರ ಸ್ಕೂಲ್ ಮಾಸ್ಟರ್ ಇಂದಲೂ ಇದೇ ಅಲ್ವಾ? ಬಿ.ಆರ್. ಪಂತುಲು, ಎಂ.ವಿ. ರಾಜಮ್ಮ. ರಿಟೈರ್ ಆದ ಮೇಷ್ಟ್ರು ಒಬ್ಬ ಮಗನ ಮನೆಗೆ, ಹೆಂಡತಿ ಇನ್ನೊಬ್ಬ ಮಗನ ಮನೆಗೆ. ಅದಾಗಿ ಸುಮಾರು ಐವತ್ತು ವರ್ಷಕ್ಕೆ, 2007ರಲ್ಲಿ, ವಿಷ್ಣುವರ್ಧನ್ ಮತ್ತು ಜಯಪ್ರದಾ ಅವರ ಈ ಬಂಧನ ಬಂತು. ಅದು ಹಿಂದಿಯ ಬಾಗ್‌ಬಾನ್ ಚಿತ್ರದ ರಿಮೇಕ್. ಮತ್ತೆ ಅದೇ ಹಂಚಿಕೆ, ಅದೇ ಕಣ್ಣೀರು.

ನನಗೆ ಬೇಕಾಗಿರುವುದು ಇಷ್ಟೇ. ಅಪ್ಪನ ಜೊತೆ ಕೂತು ನೋಡಬಹುದಾದ, ವಯಸ್ಸಾದವರಿಗೆ ಅವರದೇ ಬದುಕು ಇರುವ ಸಿನಿಮಾ. ಕನ್ನಡವೇ ಆದರೆ ಒಳ್ಳೆಯದು. ಸಬ್‌ಟೈಟಲ್ ಓದುವಷ್ಟು ಅಪ್ಪನ ಕಣ್ಣು ಚುರುಕಾಗಿಲ್ಲ.

ಬಣ್ಣದ ಪೆಟ್ಟಿಗೆ

ಅಕ್ಕಾ, ನಾನು ಸಿನಿಮಾದವನಲ್ಲ. ಹವ್ಯಾಸಿ ನಾಟಕಗಳಿಗೆ ಇಪ್ಪತ್ತೆರಡು ವರ್ಷದಿಂದ ಮೇಕಪ್ ಮಾಡುತ್ತಿದ್ದೇನೆ. ಹಾಗಾಗಿ ಸಿನಿಮಾದ ಹೆಸರಿಗಿಂತ ಮೊದಲು ನನಗೆ ಕಾಣುವುದನ್ನು ಹೇಳುತ್ತೇನೆ.

ಮುದುಕನ ಪಾತ್ರಕ್ಕೆ ಹುಡುಗರು ನನ್ನ ಮುಂದೆ ಬಂದು ಕೂರುತ್ತಾರಲ್ಲ, ಕನ್ನಡಿ ನೋಡಿದ ತಕ್ಷಣ ಬೆನ್ನು ಬಗ್ಗಿಸುತ್ತಾರೆ. ದನಿ ನಡುಗಿಸುತ್ತಾರೆ. ನಾನು ಹೇಳುವುದು ಒಂದೇ ಮಾತು. ನಿಮ್ಮ ತಾತ ಬಗ್ಗಿ ನಡೆಯಲು ಪ್ರಯತ್ನ ಮಾಡುತ್ತಾರಾ, ನೆಟ್ಟಗೆ ನಡೆಯಲು ಪ್ರಯತ್ನ ಮಾಡುತ್ತಾರಾ? ವಯಸ್ಸಾದವರು ಇಡೀ ದಿನ ಮಾಡುವುದು ಎರಡನೆಯದನ್ನು. ಬಿಳಿ ಕೂದಲು ಅಂಟಿಸುವುದು ಹತ್ತು ನಿಮಿಷದ ಕೆಲಸ. ಆ ಪ್ರಯತ್ನವನ್ನು ಮೈಗೆ ತರುವುದು ತುಂಬಾ ಕಷ್ಟ.

ಕೂರುವುದನ್ನು ಗಮನಿಸಿ. ವಯಸ್ಸಾದವರು ಕುರ್ಚಿಗೆ ಬೆನ್ನು ಕೊಟ್ಟು ಒಂದು ಕ್ಷಣ ನಿಲ್ಲುತ್ತಾರೆ. ಕೈ ಹಿಂದಕ್ಕೆ ಹೋಗಿ ಕುರ್ಚಿಯ ತೋಳು ಹುಡುಕುತ್ತದೆ. ಸಿಕ್ಕಿದ ಮೇಲೆ ಮೈ ಇಳಿಯುತ್ತದೆ. ಆ ಒಂದು ಕ್ಷಣ ನಟನಿಗೆ ಗೊತ್ತಿದ್ದರೆ ನನ್ನ ಬಣ್ಣ ಬೇಕಾಗಿಲ್ಲ. ಇನ್ನೊಂದು, ಕೈ. ಮುಖಕ್ಕೆ ಸುಕ್ಕು ಬರೆದು ಕೈ ಹಾಗೇ ಬಿಟ್ಟುಬಿಡುತ್ತಾರೆ. ಕ್ಲೋಸಪ್‌ನಲ್ಲಿ ಇಪ್ಪತ್ತೈದರ ಬೆರಳು ಎಪ್ಪತ್ತರ ಕನ್ನಡಕ ತೆಗೆಯುತ್ತದೆ.

ಚಿಕ್ಕ ವಯಸ್ಸಿನವರು ಮಾಡಲೇಬಾರದು ಅಂತಲ್ಲ. ಹಿಂದಿಯ ಸಾರಾಂಶ್ (1984) ಮಾಡಿದಾಗ ಅನುಪಮ್ ಖೇರ್‌ಗೆ 28. ಮಗನನ್ನು ಕಳೆದುಕೊಂಡ ರಿಟೈರ್ಡ್ ಮೇಷ್ಟ್ರು. ಮಗನ ಚಿತಾಭಸ್ಮ ಬಿಡಿಸಿಕೊಳ್ಳಲು ಕಸ್ಟಮ್ಸ್ ಆಫೀಸಿಗೆ ಹೋಗಿ ನಿಲ್ಲುವ ಜಾಗ ನೋಡಿ. ಅದು ಮೇಕಪ್ಪಿನಿಂದ ಬರುವಂಥದ್ದಲ್ಲ. ಜಪಾನಿನ ಟೋಕಿಯೋ ಸ್ಟೋರಿಯಲ್ಲಿ (1953) ಅಜ್ಜನಾಗಿದ್ದ ಚಿಶು ರ್ಯು ಅವರಿಗೆ ಆಗ 49. ನಮ್ಮಲ್ಲೇ ಕೆ.ಎಸ್. ಅಶ್ವಥ್. 1925ರಲ್ಲಿ ಹುಟ್ಟಿದವರು, ನಾಗರಹಾವು ಬಂದದ್ದು 1972ರಲ್ಲಿ. ಅಂದರೆ ಚಾಮಯ್ಯ ಮೇಷ್ಟ್ರಿಗೆ 47. ಅವರ ವಯಸ್ಸು ಇರುವುದು ಮಾತಿನ ನಿಧಾನದಲ್ಲಿ, ಕೇಳಿಸಿಕೊಳ್ಳುವ ರೀತಿಯಲ್ಲಿ. ನಲವತ್ತೇಳಕ್ಕೆ ಇಡೀ ಕರ್ನಾಟಕಕ್ಕೆ ಮೇಷ್ಟ್ರಾದರು. ಆಮೇಲೆ ಅವರನ್ನು ಹಾಗೇ ಅಪ್ಪನಾಗಿ ಇಟ್ಟುಬಿಟ್ಟರು. ಅದು ನನಗೆ ಬೇಜಾರಿನ ಸಂಗತಿ.

ನಿಮ್ಮ ತಂದೆಗೆ ನನ್ನ ಆಯ್ಕೆ ಕೂರ್ಮಾವತಾರ. ಗಿರೀಶ್ ಕಾಸರವಳ್ಳಿ, 2011. ರಿಟೈರ್ ಆಗಲು ಬಂದಿರುವ ಒಬ್ಬ ಸರ್ಕಾರಿ ನೌಕರ, ಆನಂದರಾಯ. ನೋಡಲು ಗಾಂಧಿ ಥರ ಇದ್ದಾರೆ ಅಂತ ಸೀರಿಯಲ್‌ನವರು ಗಾಂಧಿ ಪಾತ್ರಕ್ಕೆ ಕರೆಯುತ್ತಾರೆ. ನಟನೆ ಬರುವುದಿಲ್ಲ. ಗಾಂಧಿ ಪುಸ್ತಕ ಓದಲು ಶುರು ಮಾಡುತ್ತಾರೆ. ಅಲ್ಲಿಂದ ಅವರ ಬದುಕೇ ಬೇರೆ ದಾರಿ ಹಿಡಿಯುತ್ತದೆ. ಶಿಕಾರಿಪುರ ಕೃಷ್ಣಮೂರ್ತಿ ಮಾಡಿದ್ದಾರೆ. ಆ ವಯಸ್ಸಿನಲ್ಲಿ ಒಬ್ಬ ಮನುಷ್ಯ ಹೊಸದಾಗಿ ಒಂದು ವಿಷಯ ಕಲಿತು, ಅದರಿಂದ ತೊಂದರೆಗೂ ಸಿಕ್ಕಿಕೊಳ್ಳುವುದನ್ನು ನಾನು ಬೇರೆ ಕಡೆ ಅಷ್ಟು ಚೆನ್ನಾಗಿ ನೋಡಿಲ್ಲ.

ಕುವೆಂಪುನಗರ ಮೇಷ್ಟ್ರು

ತಾಯಿ, ನಿಮ್ಮ ತಂದೆಯವರಿಗಿಂತ ನಾನು ಆರು ವರ್ಷ ಚಿಕ್ಕವನು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ನಿಮ್ಮ ಮಾತಿನಲ್ಲಿ ಒಂದಕ್ಕೆ ನನ್ನ ಒಪ್ಪಿಗೆ ಇಲ್ಲ.

ಸ್ಕೂಲ್ ಮಾಸ್ಟರ್ ಚಿತ್ರವನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. ಅದರಲ್ಲಿ ಮೇಷ್ಟ್ರು ಬರೀ ಅಳುವ ಅಪ್ಪ ಅಲ್ಲ. ಅವರಿಗೊಂದು ಕೆಲಸ ಇತ್ತು, ಆ ಕೆಲಸದಿಂದ ಒಬ್ಬ ಶಿಷ್ಯ ಇದ್ದಾನೆ. ಕೊನೆಗೆ ಕೈ ಹಿಡಿಯುವವನು ಆ ಶಿಷ್ಯ. ಶಿವಾಜಿ ಗಣೇಶನ್ ಬಂದು ಹೋಗುತ್ತಾರಲ್ಲ, ಅದು. ನಾನು ಹುಡುಗನಾಗಿದ್ದಾಗ ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕೂತು ನೋಡಿದ್ದೆ. ನಾನು ಮೇಷ್ಟ್ರಾಗಲು ಅದೂ ಒಂದು ಕಾರಣ. ಸುಮ್ನೆ ಹೇಳುತ್ತಿಲ್ಲ.

ಇನ್ನು ಹಂಚಿಕೆ. ನನ್ನ ಹೆಂಡತಿ ಈಗ ಅಮೆರಿಕದಲ್ಲಿದ್ದಾಳೆ. ಮಗಳ ಬಾಣಂತನಕ್ಕೆ ಹೋದವಳು. ಆರು ತಿಂಗಳು ಇದ್ದು ಬರುತ್ತಾಳೆ. ಸ್ವಲ್ಪ ದಿನಕ್ಕೆ ಮಗನಿಗೆ ಮಗು, ಮತ್ತೆ ಆರು ತಿಂಗಳು. ನನಗೆ ಅಷ್ಟು ಹೊತ್ತು ವಿಮಾನದಲ್ಲಿ ಕೂರಲು ಸೊಂಟ ಬಿಡುವುದಿಲ್ಲ. ಹಾಗಾಗಿ ಇಲ್ಲೇ ಇದ್ದೇನೆ. ಮಕ್ಕಳು ಬಂಗಾರದಂಥವರು. ದಿನಾ ವಿಡಿಯೋ ಕಾಲ್ ಮಾಡುತ್ತಾರೆ. ಇಲ್ಲಿ ಯಾರೂ ಕೆಟ್ಟವರಲ್ಲ. ಆದರೂ ನಲವತ್ತೈದು ವರ್ಷ ಜೊತೆಗಿದ್ದವರು ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಹೊತ್ತಿಗೆ ಊಟ ಮಾಡುತ್ತಿದ್ದೇವೆ. ಅವಳಿಗೆ ರಾತ್ರಿ ಆದಾಗ ನನಗೆ ಬೆಳಿಗ್ಗೆ. ನಾನು ಕಾಫಿ ಕುಡಿಯುವುದನ್ನು ಅವಳು ಹಾಸಿಗೆಯಲ್ಲಿ ಮಲಗಿಕೊಂಡು ನೋಡುತ್ತಾಳೆ. "ಸಕ್ಕರೆ ಎಷ್ಟು ಹಾಕಿದಿರಿ?" ಅಂತ ಕೇಳುತ್ತಾಳೆ.

ಈ ಹಂಚಿಕೆಯ ಬಗ್ಗೆ ಯಾರಾದರೂ ಸಿನಿಮಾ ಮಾಡಿದ್ದಾರೆಯೇ? ಮೈಸೂರಿನಲ್ಲಿ ನಮ್ಮ ಬೀದಿಯಲ್ಲೇ ಇಂಥ ನಾಲ್ಕು ಮನೆ ಇದೆ. ಖಳನಾಯಕ ಇಲ್ಲದ ಕಾರಣಕ್ಕೆ ಕಥೆ ಸಿಗುವುದಿಲ್ಲವೋ ಏನೋ. ಮಗ ಕೆಟ್ಟವನಾಗಿದ್ದರೆ ಪ್ರೇಕ್ಷಕರಿಗೆ ಸುಲಭ, ಅವನನ್ನು ಬೈದು ಮನೆಗೆ ಹೋಗಬಹುದು. ಮೇಲೆ ಒಬ್ಬರು ಹೇಳಿದ ಜಪಾನಿ ಚಿತ್ರವನ್ನು ನಾನೂ ನೋಡಿದ್ದೇನೆ. ಅಲ್ಲಿ ಮಕ್ಕಳು ಅಪ್ಪ ಅಮ್ಮನನ್ನು ಹೊರಗೆ ಹಾಕುವುದಿಲ್ಲ. ಅವರಿಗೆ ಪುರುಸೊತ್ತಿಲ್ಲ, ಅಷ್ಟೇ. ಖರ್ಚು ಮಾಡಿ ಅಟಾಮಿ ಅಂತ ಬಿಸಿನೀರಿನ ಬುಗ್ಗೆ ಇರುವ ಊರಿಗೆ ಕಳಿಸುತ್ತಾರೆ. ಅಲ್ಲಿ ರಾತ್ರಿಯೆಲ್ಲ ಗದ್ದಲ, ಇವರಿಗೆ ನಿದ್ದೆ ಇಲ್ಲ. ಬೆಳಿಗ್ಗೆ ಇಬ್ಬರೂ ಸಮುದ್ರದ ಗೋಡೆಯ ಮೇಲೆ ಕೂರುತ್ತಾರೆ. ಎದ್ದು ನಿಲ್ಲುವಾಗ ಆ ತಾಯಿಗೆ ಒಂದು ಸಣ್ಣ ತಲೆಸುತ್ತು. ಅಷ್ಟರಲ್ಲೇ ಎಲ್ಲ ಹೇಳಿಬಿಟ್ಟಿದ್ದಾರೆ.

ನಿಮ್ಮ ತಂದೆಯವರಿಗೆ ತಬರನ ಕಥೆ ಹಾಕಿ ಅಂತ ಹೇಳಬೇಕೆಂದಿದ್ದೆ. ಹೇಳಲಾರೆ. ಪಿಂಚಣಿಗಾಗಿ ಅಲೆಯುವ ತಬರ, ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿರುವ ಹೆಂಡತಿಯ ಕಾಲು, ಕೊನೆಗೆ ಆ ಕಾಲು ಕತ್ತರಿಸಿಕೊಡು ಅಂತ ಕಟುಕನ ಹತ್ತಿರ ಹೋಗಿ ಕೇಳುವುದು. ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೆ ಅತ್ಯುತ್ತಮ ಚಿತ್ರದ ಸ್ವರ್ಣಕಮಲವೂ ಬಂತು. ಬಹಳ ದೊಡ್ಡ ಚಿತ್ರ. ಆದರೆ ನನ್ನ ಪಿಂಚಣಿ ಕಾಗದ ಒಂದು ಕಚೇರಿಯಲ್ಲಿ ಹನ್ನೊಂದು ತಿಂಗಳು ಕೂತಿತ್ತು. ನಾನು ಅದನ್ನು ಎರಡನೇ ಸಲ ನೋಡಿಲ್ಲ.

ಅರಸೀಕೆರೆ ಮಗಳು

ಸರ್, ನಿಮ್ಮ ಕಾಫಿ ವಿಷಯ ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ಸ್ಕೂಲ್ ಮಾಸ್ಟರ್ ಬಗ್ಗೆ ನೀವು ಹೇಳಿದ್ದು ಸರಿ. ಆ ಶಿಷ್ಯನನ್ನು ನಾನು ಮರೆತಿದ್ದೆ. ಅಪ್ಪನಿಗೂ ಹಾಗೆ ಒಬ್ಬರಿದ್ದಾರೆ. ಮೊದಲು ಅವರ ಬಸ್ಸಿನಲ್ಲಿ ಪಾಸ್ ಇಟ್ಟುಕೊಂಡು ಕಾಲೇಜಿಗೆ ಹೋಗುತ್ತಿದ್ದ ಹುಡುಗ, ಈಗ ಊರಿನಲ್ಲಿ ಡಾಕ್ಟರು. ಅಪ್ಪನ ಹತ್ತಿರ ಫೀಸು ತೆಗೆದುಕೊಳ್ಳುವುದಿಲ್ಲ. ಅಪ್ಪ ಪ್ರತಿ ಸಲ ಫೀಸು ಮೇಜಿನ ಮೇಲೆ ಇಟ್ಟು ಬರುತ್ತಾರೆ.

ಬಣ್ಣದ ಪೆಟ್ಟಿಗೆಯವರೇ, ಕುರ್ಚಿಯ ವಿಷಯ ಓದಿ ಅಪ್ಪನಿಗೆ ಫೋನ್ ಮಾಡಬೇಕು ಅನ್ನಿಸಿತು. ಮಾಡಿದೆ. ಏನೂ ವಿಷಯ ಇರಲಿಲ್ಲ.

ತುಂಗೆ ದಂಡೆ

ನಾನು ಶಿವಮೊಗ್ಗದವಳು. ಗೋಧಿ ಬಣ್ಣ ಸಾಧಾರಣ ಮೈಕಟ್ಟು ಬಗ್ಗೆ ಯಾರೂ ಬರೆದಿಲ್ಲ ಅಂತ ಬರೆಯುತ್ತಿದ್ದೇನೆ. ಹೇಮಂತ್ ರಾವ್, 2016. ಅಲ್ಝೈಮರ್ ಇರುವ ವೆಂಕೋಬರಾವ್ ಆಗಿ ಅನಂತನಾಗ್. ಮಗನ ಜೊತೆ ಹೊರಗೆ ಹೋದಾಗ ಕಳೆದುಹೋಗುತ್ತಾರೆ. ಮಗ ಹುಡುಕುತ್ತಾನೆ.

ನಮ್ಮಮ್ಮನಿಗೂ ಅದೇ ಕಾಯಿಲೆ ಇತ್ತು. ಒಂದು ದಿನ ಸಂಜೆ ಗೇಟು ತೆಗೆದುಕೊಂಡು ಹೊರಟುಹೋದರು. ಪೊಲೀಸರ ಹತ್ತಿರ ಬರೆಸಲು ಹೋದೆ. "ಎತ್ತರ ಎಷ್ಟು?" ಅಂದರು. ನನಗೆ ಗೊತ್ತಿರಲಿಲ್ಲ. ನನ್ನ ಭುಜದ ಹತ್ತಿರ ಕೈ ಇಟ್ಟು ತೋರಿಸಿದೆ. "ಮೈಬಣ್ಣ?" "ಗುರುತು?" ಅಮ್ಮನ ಎಡಗೈಯಲ್ಲಿ ಹಚ್ಚೆ ಇತ್ತು. ಏನು ಹಚ್ಚೆ ಅಂತ ನೆನಪಾಗಲಿಲ್ಲ. ಐವತ್ತು ವರ್ಷ ಆ ಕೈಯಿಂದ ಊಟ ಮಾಡಿದವಳು ನಾನು. ಬರೆದುಕೊಳ್ಳುತ್ತಿದ್ದವರೇ "ಸಾಧಾರಣ ಮೈಕಟ್ಟು ಅಂತ ಹಾಕಲಾ ಮೇಡಂ?" ಅಂತ ಕೇಳಿದರು. ಸಿನಿಮಾದ ಹೆಸರು ಎಲ್ಲಿಂದ ಬಂತು ಅಂತ ಆವತ್ತು ಅರ್ಥವಾಯಿತು.

ಅಮ್ಮ ರಾತ್ರಿ ಹನ್ನೊಂದಕ್ಕೆ ಸಿಕ್ಕಿದರು. ಹಳೇ ಮನೆಯ ಬೀದಿಯಲ್ಲಿ, ಈಗ ಬೇರೆಯವರು ಇರುವ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಆ ಮನೆಯವರು ಮಜ್ಜಿಗೆ ಕೊಟ್ಟಿದ್ದರಂತೆ. ನನ್ನನ್ನು ನೋಡಿ "ಬನ್ನಿ ಕೂತ್ಕೊಳ್ಳಿ" ಅಂದರು. ಹಚ್ಚೆ ತುಳಸಿಕಟ್ಟೆಯದು. ಅವತ್ತು ರಾತ್ರಿ ನೋಡಿದೆ.

ಅಕ್ಕ, ನಿಮ್ಮ ಮಾತು ಈ ಚಿತ್ರಕ್ಕೂ ಅನ್ವಯಿಸುತ್ತೆ, ಒಪ್ಪುತ್ತೇನೆ. ಮಗ ಬದಲಾಗಲು ಅಪ್ಪ ಕಳೆದುಹೋಗಬೇಕು. ಆದರೆ ಅದರಲ್ಲಿ ವೆಂಕೋಬರಾಯರು ಹೆಂಡತಿಯನ್ನು ಮೊದಲು ನೋಡಿದ್ದನ್ನು, ಪ್ರೀತಿ ಮಾಡಿದ್ದನ್ನು ಹೇಳುತ್ತಾರಲ್ಲ, ಆ ಹೊತ್ತು ಅವರು ಯಾರ ಅಪ್ಪನೂ ಅಲ್ಲ. ಕಾಯಿಲೆ ಎಲ್ಲವನ್ನೂ ತಿಂದ ಮೇಲೂ ಉಳಿದ ಒಬ್ಬ ಹುಡುಗ. ಅನಂತನಾಗ್ 1948ರಲ್ಲಿ ಹುಟ್ಟಿದವರು, ಆಗ ಅವರಿಗೆ 67. ಮುಖದಲ್ಲಿ ಒಂದು ನಗು ಇಟ್ಟುಕೊಂಡಿರುತ್ತಾರೆ. ಎದುರಿಗಿರುವವರು ಯಾರು ಅಂತ ಗೊತ್ತಾಗದಿದ್ದರೂ ಮರ್ಯಾದೆಗೆ ನಗುವ ನಗು. ನಮ್ಮಮ್ಮನ ನಗು ಅದೇ. "ಬನ್ನಿ ಕೂತ್ಕೊಳ್ಳಿ" ಅಂದಾಗ ಇದ್ದದ್ದು.

ವಿಜಯಾ ಬ್ಯಾಂಕ್ ಲೇಔಟ್ ಆಂಟಿ

ನೋಡಮ್ಮ, ಎಲ್ಲರೂ ಅಪ್ಪ, ಅಜ್ಜ, ಮೇಷ್ಟ್ರು ಅಂತ ಹೇಳಿದಿರಿ. ಹೆಂಗಸರು ಎಲ್ಲಿ? ನನಗೆ 64. ಕೇಳುವ ಹಕ್ಕಿದೆ.

ಪಂಡರಿಬಾಯಿ ಅವರನ್ನು ನೆನಪು ಮಾಡಿಕೊಳ್ಳಿ. 1954ರ ಬೇಡರ ಕಣ್ಣಪ್ಪದಲ್ಲಿ ರಾಜ್‌ಕುಮಾರ್ ಮೊದಲ ಸಲ ಹೀರೋ ಆದಾಗ ಅವರ ನಾಯಕಿ. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಕೆಲವು ವರ್ಷ ಆದ ಮೇಲೆ ಅದೇ ರಾಜ್‌ಕುಮಾರ್‌ಗೆ ತಾಯಿ. ಹೀರೋ ಹೀರೋ ಆಗೇ ಉಳಿದರು. ನಾಯಕಿಗೆ ತಲೆ ಬೆಳ್ಳಗೆ ಮಾಡಿದರು. ಅವರು ಆ ತಾಯಿ ಪಾತ್ರಗಳನ್ನು ಎಷ್ಟು ಮನಸ್ಸಿಟ್ಟು ಮಾಡಿದರು ಅನ್ನುವುದು ಬೇರೆ ಮಾತು. ನಾನು ಹೇಳುತ್ತಿರುವುದು ಆ ಮಧ್ಯದ ವರ್ಷಗಳ ಬಗ್ಗೆ. ಪ್ರೇಯಸಿಗೂ ತಾಯಿಗೂ ನಡುವೆ ಹೆಣ್ಣಿಗೆ ಒಂದು ಮೂವತ್ತು ವರ್ಷದ ಬದುಕು ಇರುತ್ತದಲ್ಲ, ಅದು ಪರದೆ ಮೇಲೆ ಇಲ್ಲವೇ ಇಲ್ಲ.

ನನ್ನ ಬದುಕು ಹೇಳುತ್ತೇನೆ. ಯಜಮಾನರು ಹೋದ ಮೇಲೆ ನಾನು ಸ್ಕೂಟರ್ ಕಲಿತೆ. 59ಕ್ಕೆ. ಕಲಿಸಿದವಳು ಕೆಳಗಿನ ಮನೆಯ ಹುಡುಗಿ. ಈಗ ಬೆಳಿಗ್ಗೆ ಆರೂವರೆಗೆ ಮಾರ್ಕೆಟ್ಟಿಗೆ ಹೋಗಿ ನನಗೆ ಬೇಕಾದ ಸೊಪ್ಪು ನಾನೇ ತರುತ್ತೇನೆ. ಬೇಕಾದ ಸೊಪ್ಪು! ಮೂವತ್ತೆಂಟು ವರ್ಷ ಅವರಿಗೆ ದಂಟಿನ ಸೊಪ್ಪು ಆಗುವುದಿಲ್ಲ ಅಂತ ಮನೆಗೆ ತಂದಿರಲಿಲ್ಲ. ಅವರನ್ನು ನಾನು ಇವತ್ತಿಗೂ ನೆನೆಸಿಕೊಂಡು ಅಳುತ್ತೇನೆ. ದಂಟಿನ ಸೊಪ್ಪಿನ ಹುಳಿಯನ್ನೂ ತಿನ್ನುತ್ತೇನೆ. ಎರಡೂ ನಿಜ. ಸಿನಿಮಾದಲ್ಲಿ ವಿಧವೆಗೆ ಮೊದಲನೆಯದು ಮಾತ್ರ ಕೊಡುತ್ತಾರೆ.

ಒಂದು ಹೆಸರು ಹೇಳುತ್ತೇನೆ. ಕಾಸರವಳ್ಳಿಯವರ ಕ್ರೌರ್ಯ, ತೊಂಬತ್ತರ ದಶಕದ್ದು. ಕತೆ ಹೇಳುವ ಒಬ್ಬ ವಯಸ್ಸಾದ ವಿಧವೆ. ರೇಣುಕಮ್ಮ ಮುರಗೋಡ ಮಾಡಿದ್ದಾರೆ. ಆ ಅಜ್ಜಿಗೆ ಕೊನೆಯವರೆಗೂ ತನ್ನದೇ ಅಂತ ಒಂದು ಆಸ್ತಿ ಇದೆ, ಅವಳ ಕತೆಗಳು. ಚಿತ್ರದ ಹೆಸರೇ ಹೇಳುವ ಹಾಗೆ ಮನಸ್ಸಿಗೆ ಕಷ್ಟ ಆಗುತ್ತೆ. ನಿಮ್ಮ ತಂದೆಗೆ ಬೇಡ. ನೀನು ನೋಡು.

ನಾಲೆ ಏರಿ

ನಾನು ಮಂಡ್ಯದವನು. ಇಷ್ಟು ಜನ ಬರೆದರೂ ಇದನ್ನು ಯಾಕೆ ಹೇಳಲಿಲ್ಲ ಅಂತ ಆಶ್ಚರ್ಯ. ತಿಥಿ ಹಾಕಿ ಅಕ್ಕ.

ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಬರವಣಿಗೆ. ನಮ್ಮ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದಿದ್ದು. ನಟರೆಲ್ಲ ಹಳ್ಳಿಯ ಜನರೇ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ತೆಗೆದುಕೊಂಡು ಬಂತು. ನೂರೊಂದು ವರ್ಷದ ಸೆಂಚುರಿ ಗೌಡ ಹೋಗುತ್ತಾರೆ, ಹನ್ನೊಂದನೇ ದಿನಕ್ಕೆ ತಿಥಿ. ಅವರ ಮಗ ಗಡ್ಡಪ್ಪ, ಅವರೂ ಮುದುಕರೇ. ಜಮೀನು ಬೇಡ, ಮನೆ ಬೇಡ, ಸುಮ್ನೆ ನಡೆಯುತ್ತಾ ಇರುತ್ತಾರೆ. ಅವರ ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು. ಅದಕ್ಕೆ ಅಪ್ಪ ಸತ್ತಿದ್ದಾರೆ ಅಂತ ಕಾಗದ ಮಾಡಿಸಿ, ಅಪ್ಪನ ಕೈಗೆ ದುಡ್ಡು ಕೊಟ್ಟು ಊರು ಬಿಟ್ಟು ಕಳಿಸುತ್ತಾನೆ. ಬೇರೆ ಸಿನಿಮಾ ಆಗಿದ್ದರೆ ಇಲ್ಲಿ ಪಿಟೀಲು ಶುರುವಾಗುತ್ತಿತ್ತು. ಗಡ್ಡಪ್ಪ ಏನು ಮಾಡುತ್ತಾರೆ ಗೊತ್ತಾ? ಕುರಿ ಕಾಯುವವರ ಜೊತೆ ಸೇರಿಕೊಳ್ಳುತ್ತಾರೆ. ಮಗನಿಗೋಸ್ಕರ ಅಳುವ ಅಪ್ಪ ಅಲ್ಲ ಅವರು. ಅವರ ನೋವು ಬೇರೆ ಇದೆ, ಬಹಳ ಹಳೆಯದು. ನೋಡಿ, ನಾನು ಹೇಳುವುದಿಲ್ಲ.

ಬೈಗುಳ ಜಾಸ್ತಿ ಇದೆ, ಮೊದಲೇ ಹೇಳಿಬಿಡುತ್ತೇನೆ.

ಅರಸೀಕೆರೆ ಮಗಳು

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್. ಮಂಡ್ಯದ ಅಣ್ಣನಿಗೆ ವಿಶೇಷವಾಗಿ.

ಹೋದ ಭಾನುವಾರ ತಿಥಿ ಹಾಕಿದೆ. ಊಟ ಆಗಿತ್ತು. ಮುದ್ದೆ, ಅವರೆಕಾಳಿನ ಸಾರು. ಅಪ್ಪ ಎಂದಿನಂತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು, ಬೇಕಾದಾಗ ಎದ್ದು ಹೋಗಲು ಅನುಕೂಲ ಅಂತ. ಶುರುವಿನಲ್ಲೇ ಸೆಂಚುರಿ ಗೌಡರು ರಸ್ತೆ ಬದಿ ಕೂತು ಹೋಗಿಬರುವವರನ್ನೆಲ್ಲ ಬೈಯುವುದು ಬರುತ್ತಲ್ಲ, ಅಪ್ಪ ಜೋರಾಗಿ ನಕ್ಕರು. ಅಮ್ಮ ಹೋದ ಮೇಲೆ ಆ ನಗು ನಾನು ಕೇಳಿರಲಿಲ್ಲ. "ಇಂಥೋನೊಬ್ಬ ನಮ್ಮ ಜಾವಗಲ್ ರೂಟಲ್ಲಿ ಇದ್ದ" ಅಂದರು. ಗಡ್ಡಪ್ಪ ಬಂದ ಮೇಲೆ ಮಾತು ನಿಂತಿತು. ಒಂದು ಸಲ ಮಾತ್ರ "ನಡಿಗೆ ನೋಡು, ನಡಿಗೆ ನೋಡು" ಅಂದರು. ಯಾವ ಊರು ಅಂತ ಕೇಳಿದರು, ಹೇಳಿದೆ.

ಕುರಿಯವರ ಜೊತೆ ಬೆಂಕಿ ಮುಂದೆ ಕೂತು ಗಡ್ಡಪ್ಪ ತನ್ನ ಹೆಂಡತಿಯ ಕಥೆ ಹೇಳುವ ಜಾಗ ಬಂತು. ಮಗನಿಗೆ ಹೇಳದೇ ಇದ್ದದ್ದನ್ನು ಗುರುತು ಪರಿಚಯ ಇಲ್ಲದವರಿಗೆ ಹೇಳುತ್ತಾರೆ. ಅಪ್ಪ ಕದಲಲಿಲ್ಲ. ಕನ್ನಡಕ ತೆಗೆದು ಪಂಚೆ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು, ಅಷ್ಟೇ. ಸಿನಿಮಾ ಮುಗಿಯುವ ತನಕ ಎದ್ದು ಹೋಗಲಿಲ್ಲ.

ಮುಗಿದಾಗ ಸಂಜೆಯಾಗಿತ್ತು. ಮೋಡ ಕವಿದು ಕತ್ತಲಾಗಿತ್ತು. ಲೈಟ್ ಹಾಕಲು ಎದ್ದೆ. "ಇರಲಿ ಬಿಡು, ಕೂತ್ಕೋ" ಅಂದರು. ಆಮೇಲೆ ಹೇಳಿದರು. ಅವರ ಮಾತಲ್ಲೇ ಬರೆಯುತ್ತೇನೆ. ಬರೆಯಲಾ ಅಂತ ಕೇಳಿಯೇ ಬರೆಯುತ್ತಿದ್ದೇನೆ.

"ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. 74ನೇ ಇಸವಿ. ಕಡೂರು ಕಡೆಯಿಂದ ಬರೋ ಕಡೇ ಟ್ರಿಪ್ಪು. ಮಳೆ. ಒಬ್ಬ ಮುದುಕಮ್ಮ ಕೈ ಹಿಡಿದು ಹತ್ತಿದಳು. ಎಪ್ಪತ್ತು ದಾಟಿತ್ತು. ಕಂಕುಳಲ್ಲಿ ಒಂದು ಕುಂಬಳಕಾಯಿ. ಮಗಳ ಮನೆಗೆ ಹೋಗಬೇಕು, ಅಲ್ಲಿ ಇಳಿದ ಮೇಲೆ ಅಳಿಯ ದುಡ್ಡು ಕೊಡ್ತಾನೆ ಅಂದಳು. ನಲವತ್ತು ಪೈಸೆ ಟಿಕೀಟು. ಹಿಂದಿನ ವಾರ ಚೆಕಿಂಗ್‌ನೋರು ಹಿಡಿದು ನನಗೆ ಮೆಮೊ ಕೊಟ್ಟಿದ್ದರು. ಭಯ ಇತ್ತು. ಬಾಣಾವರಕ್ಕೆ ಮುಂಚೆ ಒಂದು ಗೇಟಿನ ಹತ್ತಿರ ಬೆಲ್ ಹೊಡೆದು ಇಳಿಸಿಬಿಟ್ಟೆ. ಇಳಿಯುವಾಗ ಅವಳು ಬೈಯಲಿಲ್ಲ. 'ಕುಂಬಳಕಾಯಿನಾದರೂ ಇಟ್ಕೋ ಮಗ, ಟಿಕೀಟು ಕೊಡು' ಅಂದಳು. ಬೇಡ ಅಂದೆ. ಡ್ರೈವರ್ ಹೊರಡಿಸಿದ. ಟಿಕೀಟು ಲೆಕ್ಕದ ವೇಬಿಲ್ ಬರೆಯೋ ಹೊತ್ತಿಗೆ ನನ್ನ ಜೇಬಲ್ಲಿ ಎಂಟಾಣೆ ಇತ್ತು ಅಂತ ನೆನಪಾಯ್ತು. ನನ್ನದೇ ದುಡ್ಡು. ಹಾಕಿದ್ದಿದ್ದರೆ ಆಗ್ತಿತ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿಮ್ಮಮ್ಮನಿಗೂ ಹೇಳಿರಲಿಲ್ಲ. ಆಮೇಲೆ ಆ ರೂಟು ಬಂದಾಗಲೆಲ್ಲ ಗೇಟಿನ ಹತ್ತಿರ ಬಗ್ಗಿ ನೋಡ್ತಿದ್ದೆ. ಸಿಗಲಿಲ್ಲ" ಅಂದರು.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಹತ್ತಿರ ಹೋಗಿ ಕೂತೆ. ಹೊರಗೆ ಹನಿ ಬೀಳಲು ಶುರುವಾಯಿತು. ಜಗುಲಿ ಮೇಲಿನ ಬಟ್ಟೆ ತೆಗೆಯಲು ಎದ್ದರೆ, ಅಪ್ಪ ಕೈ ಹಿಡಿದು ಕೂರಿಸಿದರು.

"ಗಡ್ಡಪ್ಪ ಕುರಿಯೋರ ಹತ್ರ ಹೇಳ್ತಾನಲ್ಲ, ಅದನ್ನ ಇನ್ನೊಂದು ಸಲ ಹಾಕು" ಅಂದರು. ಹಿಂದಕ್ಕೆ ಓಡಿಸಿ ಅಲ್ಲಿಂದ ಹಾಕಿದೆ.